ಬದಲಿ ಬ್ಯಾರಲ್

ಬ್ಯಾರಲ್ ಕರಗಿತಂತೆ. ಹಿಮದ ಗುಡ್ಡದ ಮೇಲೆ ಮೂರು ದಿನ ಒಬ್ಬರೇ ಕೂತು ಚೀನೀಯರ ಮೇಲೆ ಮಶಿನ್‌ಗನ್ ಹಾರಿಸಿದರಂತೆ. ಕೊನೆಗೆ ಗನ್ನಿನ ಬ್ಯಾರಲ್ ಕಾದು ಕೆಂಪಾಗಿ ಮೇಣಬತ್ತಿಯ ಹಾಗೆ ಬಾಗಿತಂತೆ. ಆದರೂ ಬಿಡದೆ ಅದನ್ನು ಬರಿಗೈಯಲ್ಲಿ ಹಿಡಿದು ನಿಂತರಂತೆ. ಬೇಕಾದರೆ ಅವರ ಬಲ ಅಂಗೈ ನೆನಪು ಮಾಡಿಕೊಳ್ಳಿ, ಸುಟ್ಟು ನುಣ್ಣಗಾಗಿತ್ತಲ್ಲ, ಮತ್ತೇನು ಸಾಕ್ಷಿ ಬೇಕು? ದಾಂಡೇಲಿಯ ಹೊರಗೆ, ಕಾಗದದ ಗಿರಣಿಗೆ ಹೋಗುವ ಬಿದಿರನ್ನು ಕೂಡಿಹಾಕುವ ಒಂದು ಡಿಪೋದಲ್ಲಿ ಐದು ವರ್ಷ ಕಾವಲಿಗಿದ್ದು, ಹೋದ ಚಳಿಗಾಲದಲ್ಲಿ ತೀರಿಹೋದ ಆ ಮನುಷ್ಯರ ಶೋಕಸಭೆಯಲ್ಲಿ ನಾಲ್ವರು ಮಾತಾಡಿದರು. ನಾಲ್ವರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು.

ನನಗೆ ಆಕ್ಷೇಪಗಳಿವೆ. ಹತ್ತು ಮಂದಿ ಸಿಪಾಯಿಗಳಿಗೆ ಒಂದರಂತೆ ಕೊಡುತ್ತಿದ್ದ ಬ್ರೆನ್ ಎಂಬ ಆ ಹಗುರ ಮಶಿನ್‌ಗನ್ನನ್ನು ಧಾರವಾಡದ ಕಾಲೇಜಿನ ಕೆಡೆಟ್ ಕವಾಯತಿನಲ್ಲಿ ನಾನೂ ಬಿಚ್ಚಿ ಜೋಡಿಸಿದ್ದೇನೆ. ಹಗುರ ಅನ್ನುವುದು ಹೆಸರಿಗೆ. ಹೆಗಲ ಮೇಲಿಟ್ಟುಕೊಂಡು ಮೈದಾನ ಒಂದು ಸುತ್ತು ಓಡಿದವನಿಗೆ ಗೊತ್ತು ಅದರ ಹಗುರ. ಒತ್ತಿ ಹಿಡಿದರೆ ಒಂದು ಮ್ಯಾಗಝೀನು ಎರಡು ಉಸಿರಿನೊಳಗೆ ಖಾಲಿ. ಮೂರು ದಿನ ಹಾರಿಸಬೇಕಾದರೆ ಗುಂಡಿನ ಪೆಟ್ಟಿಗೆ ಹೇರಿದ ಚಕ್ಕಡಿ ಹಿಂದೆ ನಿಂತಿರಬೇಕು. ಹಿಮದ ಗುಡ್ಡಕ್ಕೆ ಚಕ್ಕಡಿ ಹೊಡೆದವರು ಯಾರು? ಇನ್ನು ಬ್ಯಾರಲ್. ಅದು ಕರಗುವುದಿಲ್ಲ. ಕಾದರೆ ಗುಂಡು ಗುರಿ ಬಿಟ್ಟು ಬೀಳುತ್ತದೆ, ಆಮೇಲೆ ಗನ್ನೇ ಮುನಿಸಿಕೊಂಡು ನಿಲ್ಲುತ್ತದೆ. ಹಾಗಾಗಬಾರದೆಂದೇ ಪ್ರತಿ ಬ್ರೆನ್ನಿಗೂ ಒಂದು ಬದಲಿ ಬ್ಯಾರಲ್ ಕೊಟ್ಟಿರುತ್ತಾರೆ, ಅದನ್ನು ಹೊರಲಿಕ್ಕೆ ಒಬ್ಬ ಆಳನ್ನೂ ಕೊಟ್ಟಿರುತ್ತಾರೆ. ಅಂದರೆ ಈ ಗನ್ನಿನ ಮೇಲೆ ಯಾವತ್ತೂ ಒಬ್ಬರಿರುವುದಿಲ್ಲ, ಇಬ್ಬರು. ಮಲಗಿ ಗುಂಡು ಹಾರಿಸುವವನು ನಂಬರ್ ಒಂದು. ಎಡಪಕ್ಕದಲ್ಲಿ ಮಲಗಿ ಮ್ಯಾಗಝೀನು ಬದಲಿಸುವವನು, ಕಾದ ಬ್ಯಾರಲ್ ಕಳಚಿ ತಣ್ಣಗಿನದು ತೊಡಿಸುವವನು ನಂಬರ್ ಎರಡು. ಅಂಗೈಯ ಮಾತು ಆಮೇಲೆ ಬರುತ್ತದೆ.

ವಿಚಿತ್ರವೆಂದರೆ ಈ ಕತೆಯನ್ನು ಅವರು ನಮಗ್ಯಾರಿಗೂ ಹೇಳಿದವರಲ್ಲ. ಡಿಪೋದ ಎದುರಿನ ಚಹಾದಂಗಡಿಯಲ್ಲಿ ಯಾರಾದರೂ, "ಕಾಕಾ, ಚೀನಾ ಕಾಳಗದಾಗ ಏನಾತು ಹೇಳ್ರಿ" ಅಂದರೆ, "ಏನಾಗತೈತಪಾ. ಗದ್ದಲಾತು. ಮಂದಿ ಹ್ವಾದ್ರು. ಥಂಡಿ ಭಾಳ ಇತ್ತು" ಅಂತ ಮೂರು ಮಾತಿನಲ್ಲಿ ಯುದ್ಧ ಮುಗಿಸಿ ಬೀಡಿ ಹುಡುಕುತ್ತಿದ್ದರು.

ಎಲ್ಲರಿಗೂ ಅವರು ಮಿಲಿಟ್ರಿ ಕಾಕಾ. ಬೈಲಹೊಂಗಲದ ಕಡೆಯ ಒಕ್ಕಲು ಮನೆಯವರು. ಮದುವೆಯಾಗಿರಲಿಲ್ಲ. ಎಡಗಾಲಿನ ಎರಡು ಬೆರಳನ್ನು ಹಿಮ ತಿಂದಿತ್ತು, ಅದಕ್ಕೇ ಸೈನ್ಯದಿಂದ ಮನೆಗೆ ಕಳಿಸಿದ್ದರು. ನಡೆದರೆ ಒಂದೇ ಚಪ್ಪಲಿ ಟಪ್ ಅನ್ನುತ್ತಿತ್ತು. ಎಪ್ರಿಲ್ಲಿನ ಬಿಸಿಲಲ್ಲೂ ಮೈಮೇಲೆ ಖಾಕಿ ಉಣ್ಣೆಯ ಕೋಟು. ನಿಂತಾಗ ಎಡಭುಜ ಎರಡು ಬೆರಳು ಕೆಳಗಿಳಿದಿರುತ್ತಿತ್ತು, ಅಲ್ಲಿ ಏನೋ ತೂಗುಹಾಕಿದ್ದಾರೆ ಅನ್ನುವ ಹಾಗೆ. ಮಾತಿನ ನಡುವೆ ಬಲಗೈ ತಾನಾಗಿ ಎದ್ದು ಆ ಭುಜದ ಮೇಲೆ ಇಲ್ಲದ ಪಟ್ಟಿಯೊಂದನ್ನು ಸರಿಮಾಡಿ ಮತ್ತೆ ಕೆಳಗಿಳಿಯುತ್ತಿತ್ತು. ಅವರಿಗೇ ಅದರ ಪರಿವೆ ಇರಲಿಲ್ಲ. ಹೊರೆ ಇಳಿಸಿದ ಮೇಲೂ ಕುತ್ತಿಗೆ ಬಗ್ಗಿಸಿಕೊಂಡೇ ನಿಲ್ಲುವ ಎತ್ತನ್ನು ನೋಡಿದವರಿಗೆ ಆ ನಿಲುವು ಅರ್ಥವಾಗುತ್ತದೆ.

ಯಾವುದನ್ನೂ ಪೂರಾ ತುಂಬುತ್ತಿರಲಿಲ್ಲ. ಚಹಾ ಲೋಟದಲ್ಲಿ ಒಂದು ಬೆರಳು ಕಡಿಮೆ, ಕೊಡದಲ್ಲಿ ಒಂದು ಗೇಣು ಕಡಿಮೆ. ಬಿದಿರಿನ ಲಾರಿಯವರು ಮೇಲೆ ಇನ್ನೊಂದು ಕಟ್ಟು ಏರಿಸಹೋದರೆ ಕೆಳಗೆ ನಿಂತು, "ಸಾಕ ಬಿಡ್ರೋ, ಇಪ್ಪತ್ತೆಂಟಾತು" ಅನ್ನುವರು. ಇದೇನು ಇಪ್ಪತ್ತೆಂಟು ಎಂದು ನಾನು ಒಮ್ಮೆ ಪಟ್ಟುಹಿಡಿದು ಕೇಳಿದೆ.

"ಬ್ರೆನ್ ಮ್ಯಾಗಝೀನ್‌ದಾಗ ಮೂವತ್ತ ಗುಂಡ ಹಿಡೀತಾವು. ನಾವ ಹಾಕಾವ್ರು ಇಪ್ಪತ್ತೆಂಟ."

"ಜಾಗಾ ಇದ್ದೂ ಯಾಕ ಹಾಕೂದಿಲ್ಲ?"

"ಪೂರಾ ತುಂಬಿಟ್ರ ಒಳಗಿನ ಸ್ಪ್ರಿಂಗು ದಣೀತೈತಿ. ದಣದದ್ದು ಗುಂಡ ಮ್ಯಾಲ ಎತ್ತೂದಿಲ್ಲ. ಹೊತ್ತಿಗೆ ಸರಿಯಾಗಿ ಕೈ ಕೊಡತೈತಿ."

ನನ್ನ ಮಾತು ಉದ್ದವಾದಾಗಲೂ ಅವರ ಉತ್ತರ ಇದೇ: "ವಕೀಲಾ, ಇಪ್ಪತ್ತೆಂಟಕ್ಕ ನಿಲ್ಲಸು. ಕೇಳಾವ್ರ ಸ್ಪ್ರಿಂಗೂ ದಣೀತೈತಿ."

ವಕೀಲ ಅನ್ನುವುದು ಅವರು ನನಗಿಟ್ಟ ಹೆಸರು. ನನ್ನಪ್ಪ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಾನು ಧಾರವಾಡದಲ್ಲಿ ಓದಿಕೊಂಡು, ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಹರಿತ ಮಾಡಿಕೊಂಡು, ರಜೆಗೆ ದಾಂಡೇಲಿಗೆ ಬಂದರೆ ಅದೇ ಚಹಾದಂಗಡಿಯಲ್ಲಿ ಸಿಕ್ಕವರ ಮೇಲೆ ಏರಿಹೋಗುತ್ತಿದ್ದೆ. ದೇವರಿದ್ದಾನೆಯೇ, ದೇಶಭಕ್ತಿ ಗುಣವೋ ರೋಗವೋ, ಇಂಥವೇ. ಒಂದು ದಿನ ಕಾಕಾ ಮೂಲೆಯಿಂದ ಕೇಳಿದರು:

"ತಮ್ಮಾ, ನಿನಗ ಎರಡೂ ಕಡೆ ಮಾತಾಡಾಕ ಬರತೈತೇನು?"

"ಬರತೈತ್ರಿ."

"ಹಂಗಾರ ನೀ ಯಾ ಕಡೆ?"

"ಚೀಟಿ ಎತ್ತಿದಾಗ ಯಾ ಕಡೆ ಬರತೈತೋ ಆ ಕಡೆ."

ಅವರು ನಕ್ಕರು. ನಗು ಕೆಮ್ಮಿಗೆ ತಿರುಗಿತು. ಕಣ್ಣೊರೆಸಿಕೊಂಡು, "ಛಲೋ ಉದ್ಯೋಗಾ. ಗುಂಡ ಹತ್ತೂದಿಲ್ಲ" ಅಂದರು. ಗೆಳೆತನ ಅಲ್ಲಿಂದ.

ಆ ವರ್ಷದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಡಿಪೋದ ಒಂದು ಬಣವಿಗೆ ಬೆಂಕಿ ಬಿತ್ತು. ಕಾಡಿನ ಕಡೆಯಿಂದ ಕಿಡಿ ಹಾರಿ ಬಂದಿರಬೇಕು. ಒಣಗಿದ ಬಿದಿರಿಗೆ ಬೆಂಕಿ ಹತ್ತಿದ್ದನ್ನು ಕಾಣದವರಿಗೆ ಒಂದು ಮಾತು ಹೇಳಬೇಕು: ಗಿಣ್ಣು ಗಿಣ್ಣಿನ ನಡುವೆ ಸಿಕ್ಕಿಬಿದ್ದ ಗಾಳಿ ಕಾದು ಬಿದಿರು ಒಡೆಯುತ್ತದೆ, ಥೇಟು ಬಂದೂಕಿನ ಸದ್ದು. ಕೈಪಂಪಿಗೆ ನೀರಿನ ಪೈಪು ಹಚ್ಚಿದರು. ಪೈಪಿನ ಮೂತಿ ಹಿಡಿಯಲು ಒಬ್ಬ, ಅವನ ಬೆನ್ನಿಗೆ ನಿಂತು ಪೈಪಿನ ಭಾರ ತಡೆಯಲು ಇನ್ನೊಬ್ಬ ಬೇಕು. ಬಿದಿರು ಹೇರುವ ಕೆಲಸಕ್ಕಿದ್ದ ಹಳಿಯಾಳ ಕಡೆಯ ಸಿದ್ದಿ ಜನದ ಬಸ್ತ್ಯಾಂವ್, ನಮ್ಮಲ್ಲೆಲ್ಲ ಗಟ್ಟಿಗ, ಕೂಗಿದ:

"ಕಾಕಾ, ಮೂತಿ ನೀವ ಹಿಡೀರಿ! ಮಶಿನ್‌ಗನ್ ಹಿಡದ ಕೈ ಅದು!"

"ನೀ ಹಿಡಿ. ನಾ ಹಿಂದ ಇರ್ತೇನಿ."

"ಅಯ್ಯ, ಮಿಲಿಟ್ರ್ಯಾಂವ್ರು ಹಿಂದ, ಕೂಲ್ಯಾಂವ ಮುಂದ! ಛಲೋ ನ್ಯಾಯಾತು ನೋಡ್ರಿ!"

"ಹಿಡಿಯೋ ಮಗನ" ಅಂತ ಗದರಿ ಕಾಕಾ ಅವನ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ಹೋಗಿ ನಿಂತುಬಿಟ್ಟರು. ಬಕೆಟ್ಟು ಸಾಗಿಸುತ್ತಿದ್ದ ನಾನು ಅಲ್ಲೇ ಹತ್ತಿರದಲ್ಲಿದ್ದೆ. ಆ ನಿಲುವಿನಲ್ಲಿ ಅಳುಕಿರಲಿಲ್ಲ. ಬಹಳ ದಿನದ ಮೇಲೆ ತನ್ನ ಜಾಗಕ್ಕೆ ಬಂದು ನಿಂತವರ ನೆಮ್ಮದಿ ಇತ್ತು. ಬಸ್ತ್ಯಾಂವ್ ಹೊರಳುವ ಮೊದಲೇ ಪೈಪು ಹೊರಳುತ್ತಿತ್ತು. ಬೆಂಕಿ ಇಳಿಯುತ್ತ ಬಂದು ಸದ್ದು ವಿರಳವಾಯಿತು. ಠಪ್. ತಡೆದು ಇನ್ನೊಂದು, ಠಪ್. ಕಾಕಾ ತಲೆ ಓರೆ ಮಾಡಿ ಕೇಳುತ್ತ, ತಮ್ಮಷ್ಟಕ್ಕೆ, "ಒಂದೊಂದ ಹಾಕಾಕತ್ತಾನ" ಅಂದರು. ಆಮೇಲೆ ಸದ್ದು ನಿಂತಿತು. ಬೆಂಕಿ ಆರಿತೆಂದು ಎಲ್ಲರೂ ಕೇಕೆ ಹಾಕಿದರು. ಕಾಕಾ ಪೈಪು ಕೈಬಿಟ್ಟು ನೆಲಕ್ಕೆ ಕೂತರು. ಹೊಗೆ ಕುಡಿದಿರಬೇಕು ಅಂತ ಯಾರೋ ನೀರು ಕೊಟ್ಟರು.

ಪ್ರತಿ ತಿಂಗಳ ಮೊದಲ ಐತವಾರ ಅವರು ಹಳಿಯಾಳದ ಬಸ್ಸು ಹಿಡಿದು, ಅಲ್ಲಿಂದ ತೇರಗಾಂವಕ್ಕೆ ಹೋಗುತ್ತಿದ್ದರು. ಒಂದೂ ತಪ್ಪಿಸಿದ್ದಿಲ್ಲ. ಬೆಂಕಿ ಬಿದ್ದ ಮುಂದಿನ ವಾರ, "ಬರ್ತೀಯೇನು ವಕೀಲಾ? ಅಲ್ಲಿ ವಾದಾ ಮಾಡೂದಿಲ್ಲಾ ಅಂದ್ರ ಬಾ" ಅಂದರು. ಹೋದೆ. ಬ್ಯಾರಲ್ಲಿನ ಕತೆ ಹುಟ್ಟಿದ ಮನೆ ನೋಡಿದೆ.

ಆ ಮನೆಯ ಮಗ ಕಾಕಾ ಜೊತೆ ಅದೇ ಗನ್ನಿನ ಮೇಲಿದ್ದವನು. ಕಾಳಗದಲ್ಲಿ ಕಾಣೆಯಾದ. ಸೆರೆ ಸಿಕ್ಕವರು ಮರುವರ್ಷ ತಿರುಗಿ ಬಂದರು, ಅವರಲ್ಲಿ ಇವನಿರಲಿಲ್ಲ. ಸತ್ತಿದ್ದಾನೆಂದೇ ಲೆಕ್ಕ ಎಂದು ಸರಕಾರದ ಕಾಗದ ಬಂತು. ತಾಯಿ ಅದನ್ನು ಜಂತಿಗೆ ಸಿಕ್ಕಿಸಿಟ್ಟಿದ್ದಳು, ಓದಿಸಿರಲಿಲ್ಲ. ಮನೆಯಲ್ಲಿ ಇದ್ದವರು ಇಬ್ಬರೇ, ಆ ತಾಯಿ ಮತ್ತು ಮದುವೆಯಾಗಿ ಆರು ತಿಂಗಳಿಗೆ ಗಂಡನನ್ನು ಗುಡ್ಡಕ್ಕೆ ಕಳಿಸಿದ ಸೊಸೆ. ಸೊಸೆಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ.

ನಾವು ಕಟ್ಟೆಯ ಮೇಲೆ ಕೂತೆವು. ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು. ಎಲ್ಲರೂ ಆಯಿ ಅನ್ನುವ ಆ ತಾಯಿ ಕಾಕಾನ ಮೊಣಕಾಲ ಮೇಲೆ ಕೈ ಇಟ್ಟಳು.

"ಹೇಳಪಾ, ಆವತ್ತಿನ ಮಾತು ಹೇಳು. ಈ ಹುಡುಗನೂ ಕೇಳ್ಲಿ."

ಕಾಕಾ ನನ್ನ ಕಡೆ ನೋಡಲಿಲ್ಲ. ಬಾಯಿಪಾಠ ಒಪ್ಪಿಸುವವರ ದನಿಯಲ್ಲಿ ಶುರುಮಾಡಿದರು. "ನಾ ಗನ್ ಮ್ಯಾಲ ಇದ್ನಿ ಆಯಿ. ನಿಮ್ಮ ಮಗಾ ನನ್ನ ನಂಬರ್ ಎರಡು. ಬ್ಯಾರಲ್ ಬದಲಿ ಮಾಡೂದು ಅವನ ಕೆಲಸಾ. ಭಾಳ ಚುರುಕು ಕೈ. ಗುಂಡ ಮುಗೀತಾ ಬಂದ್ವು. ‘ಕೆಳಗ ಹೋಗಿ ಮ್ಯಾಗಝೀನ್ ತಗೊಂಬಾ’ ಅಂತ ನಾನ ಕಳಿಸಿದ್ನಿ. ಬದಲಿ ಬ್ಯಾರಲ್ ಬೆನ್ನಿಗಿತ್ತು. ಹಂಗ ಇಳದು ಹ್ವಾದಾ."

ಒಳಗೆ ರೊಟ್ಟಿಯ ಸದ್ದು ನಿಂತಿತು.

"ಓಡೂದ್ರಾಗ ಅವನ್ನ ಯಾರೂ ಹಿಡೀತಿದ್ದಿಲ್ಲ" ಅಂದಳು ಆಯಿ.

"ಇಲ್ರಿ. ಯಾರೂ ಹಿಡೀತಿದ್ದಿಲ್ಲ."

"ಗುಂಡ ಬೀಳೂ ಜಾಗಾ ಬಿಟ್ಟು ಇಳದಿದ್ನಲಾ."

"ಬಿಟ್ಟು ಇಳದಿದ್ದಾ."

"ಮತ್ತ ಬರತಾನ. ದಾರಿ ತಪ್ಪ್ಯಾನ, ಬರತಾನ." ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಉಂಡೆದ್ದವರ ಹಾಗೆ. ಒಳಗೆ ರೊಟ್ಟಿ ಮತ್ತೆ ಶುರುವಾಯಿತು.

ಊಟಕ್ಕೆ ಮೊದಲು ಸೊಸೆ ತಂಬಿಗೆ ತಂದು ಕಾಕಾನ ಕೈಮೇಲೆ ನೀರು ಹಾಕಿದಳು. ಹಾಕುವಾಗ ತಲೆ ಎತ್ತಲಿಲ್ಲ, ಆ ಅಂಗೈಯನ್ನೇ ನೋಡುತ್ತಿದ್ದಳು. ಅಡ್ಡಕ್ಕೆ ಒಂದು ನುಣ್ಣನೆಯ ಪಟ್ಟಿ, ಅದರಲ್ಲಿ ಗೆರೆ ಅನ್ನುವುದೇ ಇರಲಿಲ್ಲ. ಹಳಿಯಾಳದ ಸಂತೆಯ ಗಿಳಿಶಾಸ್ತ್ರದವನು ಒಮ್ಮೆ ಆ ಕೈ ನೋಡಿ, "ಇದರಾಗ ಏನೂ ಬರದಿಲ್ಲ ಬಿಡ್ರಿ" ಅಂದಿದ್ದನಂತೆ.

ಅಷ್ಟರಲ್ಲಿ ಸೊಸೆಯ ಅಣ್ಣ ಬಂದ. ಅವನು ಬರುವುದೂ ತಿಂಗಳ ರೂಢಿಯೇ ಇರಬೇಕು. ಚಪ್ಪಲಿ ಸಹ ಬಿಡದೆ, "ಆಯಿ, ನಾಕ ವರ್ಷ ದಾಟಿತು" ಅಂದ. "ಹಳಿಯಾಳದಾಗ ಹೆಂಡತಿ ಸತ್ತಾಂವ ಒಬ್ಬಾಂವ ಅದಾನ. ಕುಡ್ಯಾವಲ್ಲ, ಬಡ್ಯಾವಲ್ಲ. ನೀ ಹ್ಞೂಂ ಅನ್ನು, ಉಡಿಕಿ ಮಾಡಿ ಮುಗಸ್ತೇನಿ."

ಉಡಿಕಿ ಅಂದರೆ ಗಂಡ ಸತ್ತವಳ ಮರುಮದುವೆ. ಅವರಲ್ಲಿ ಅದಕ್ಕೆ ಅಡ್ಡಿ ಇಲ್ಲ, ನಗುವವರೂ ಇಲ್ಲ. ಆದರೆ ಅತ್ತೆ ನಾಲ್ಕು ಮಂದಿ ಎದುರು, ನನ್ನ ಮಗ ಹೋದ, ಇವಳನ್ನು ಬಿಟ್ಟುಕೊಟ್ಟೆ, ಅನ್ನಬೇಕು. ಆ ಒಂದು ಮಾತಿಗೆ ಎಲ್ಲ ನಿಂತಿತ್ತು.

"ಗಂಡ ಇದ್ದಾಕಿಗೆ ಎಂಥಾ ಉಡಿಕಿ ಮಾಡ್ತೀಯೋ?" ಆಯಿಯ ದನಿ ಏರಿತು. "ನನ್ನ ಮಗನ್ನ ಕೆಳಗ ಕಳಿಸಿದಾಂವ ಇಲ್ಲೇ ಕುಂತಾನ. ಅವನ್ನ ಕೇಳು!"

ಎಲ್ಲರೂ ಕಾಕಾನ ಕಡೆ ನೋಡಿದರು. ಸೊಸೆ ತಂಬಿಗೆ ಹಿಡಿದು ನಿಂತೇ ಇದ್ದಳು. ಕಾಕಾ ತೊಳೆದ ಕೈಯನ್ನು ಮತ್ತೆ ತೊಳೆದರು.

ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಚುರುಮುರಿ ಪೊಟ್ಟಣ ಬಿಚ್ಚಿ ಕೂತೆವು. ನಾನು ವಾದ ಮಾಡುವುದಿಲ್ಲ ಎಂದು ಒಪ್ಪಿದ್ದು ತೇರಗಾಂವಕ್ಕೆ ಮಾತ್ರ.

"ಕಾಕಾ, ಗನ್ ಹಾರಸಾವನ ಎಡಗೈ ಹಿಂದಿನ ಕಟ್ಟಿಗಿ ಮ್ಯಾಲ, ಬಲಗೈ ಗುಂಡ ಬಿಡೂ ಕುದುರಿ ಮ್ಯಾಲ. ಬ್ಯಾರಲ್ಲು ಅವಗ ಎಟಕೂದ ಇಲ್ಲ. ಕೈ ಸುಡೂದು ನಂಬರ್ ಎರಡರದು. ಅವತ್ತ ಪೈಪ್ ಹಿಡಿಯೂವಾಗೂ ನೀವು ಎಡಕ್ಕ ಹಿಂದ ನಿಂತ್ರಿ. ಗನ್ ಮ್ಯಾಲ ಇದ್ದಾಂವ ಆಯಿ ಮಗಾ. ಕೆಳಗ ಇಳದಾವ್ರು ನೀವು."

ಎದುರಾಳಿ ತಡವರಿಸುತ್ತಾನೆ, ಸಿಟ್ಟಾಗುತ್ತಾನೆ ಎಂದು ಕಾದೆ. ಅವರು ಚುರುಮುರಿಯಲ್ಲಿದ್ದ ಒಂದು ಮೆಣಸಿನಕಾಯಿ ತೆಗೆದು ಪಕ್ಕಕ್ಕಿಟ್ಟರು.

"ಹೌದು" ಅಂದರು.

ಗೆದ್ದವನಿಗೆ ಇಷ್ಟು ಬೇಗ ಕೆಲಸವಿಲ್ಲದಂತಾಗಬಾರದು. ಅವರೇ ಹೇಳಿದರು. "ಆಗಷ್ಟ ಬ್ಯಾರಲ್ ಬದಲಿ ಮಾಡಿದ್ದೆ. ಕೈಗವಸು ಎಲ್ಲೋ ಬಿದ್ದಿತ್ತು. ಅವಸರದಾಗ ಹಿಡಿಕಿ ಬಿಟ್ಟು ಬ್ಯಾರಲ್ಲಿಗೇ ಕೈ ಹಾಕಿದ್ನಿ. ತೊಗಲು ಅಲ್ಲೇ ಹತಗೊಂಡು ಹೋತು. ಕಾದದ್ದನ್ನ ಚೀಲದಾಗ ಹಾಕಿ ಬೆನ್ನಿಗೇರಿಸಿದ್ನಿ. ಆಗ ಅಂವ, ‘ಗುಂಡ ಮುಗೀತಾವು, ಓಡು, ಮ್ಯಾಗಝೀನ್ ತಾ’ ಅಂದಾ. ಓಡಿದ್ನಿ."

"ಚೀಲಾ ಅವನ ಹತ್ರ ಬಿಟ್ಟು ಹೋಗಬೇಕಿತ್ತಲಾ?"

"ಬಿಟ್ಟು ಹೋಗಬೇಕಿತ್ತು."

"ಮತ್ತ?"

"ನಂಬರ್ ಎರಡರ ಬೆನ್ನಿಂದ ಚೀಲಾ ಇಳೀಬಾರ್ದು ಅಂತ ಹವಾಲ್ದಾರ ವರ್ಷಗಟ್ಟಲೆ ಒದ್ದು ಕಲಿಸಿದ್ದಾ. ಊಟಕ್ಕ ಕುಂತ್ರೂ ಬೆನ್ನಿಗೇ ಇರತಿತ್ತು. ಸಾಹೇಬ್ರು ಕೇಳಿದಾಗ ಅದನ್ನ ಹೇಳಿದ್ನಿ. ರೂಢಿ ಅಂತ." ಇನ್ನೊಂದು ಮೆಣಸಿನಕಾಯಿ ಹುಡುಕಿದರು. ಸಿಗಲಿಲ್ಲ. "ನಿನಗ ಖರೆ ಹೇಳ್ಲೇನು? ಬೆನ್ನಿಗೆ ಬೆಚ್ಚಗಿತ್ತೋ. ಕಾದ ಬ್ಯಾರಲ್ಲು. ಗುಡ್ಡಾ ಏರಿದಾಗಿಂದ ಮೈ ಬೆಚ್ಚಗಾಗಿದ್ದು ಅದ ಮೊದಲು. ಇಳಸೂದು ನೆನಪಾಗ್ಲಿಲ್ಲೋ, ಇಳಸಾಕ ಮನಸಾಗ್ಲಿಲ್ಲೋ, ಇವತ್ತಿಗೂ ಗೊತ್ತಿಲ್ಲ."

ಬಸ್ಸೊಂದು ಬಂತು, ನಮ್ಮದಲ್ಲ.

"ಮ್ಯಾಗಝೀನ್ ಹೊತ್ಕೊಂಡು ಅರ್ಧಾ ಗುಡ್ಡಾ ಹತ್ತಿದ್ದೆ. ಮೊದಲ ಒಂದ ಸಮ ಹಾರಸಾಕತ್ತಿದ್ದಾ. ಆಮ್ಯಾಲ ಒಂದೊಂದ. ಬ್ಯಾರಲ್ ಕಾದಿತ್ತು, ಸುಧಾರಿಸಿ ಸುಧಾರಿಸಿ ಹಾಕತಿದ್ದಾ. ಆಮ್ಯಾಲ ಅದೂ ನಿಂತು. ನಮ್ಮಾವ್ರು ಇಳದ ಬರಾಕತ್ತಿದ್ರು, ನನ್ನೂ ಎಳಕೊಂಡ ಬಂದ್ರು. ಕೆಳಗ ಬಂದು ನೋಡ್ತೇನಿ, ಬ್ಯಾರಲ್ಲು ಬೆನ್ನಮ್ಯಾಲೇ ಐತಿ. ತಣ್ಣಗಾಗಿತ್ತು."

ಆಯಿಗೆ ಯಾಕೆ ಅದಲುಬದಲು ಮಾಡಿ ಹೇಳಿದಿರಿ ಅಂತ ಕೇಳಿದೆ.

"ಮೊದಲ ಸಲ ಹ್ವಾದಾಗ ಆಯಿ ಕೇಳಿದ್ದು ಒಂದ ಮಾತು: ‘ನಿಮ್ಮಿಬ್ಬರಾಗ ಕೆಳಗ ಇಳದಾಂವ ಯಾರಪಾ?’ ನಾ ಅಕಿ ಮಾರಿ ನೋಡಿದ್ನಿ. ‘ನಿಮ್ಮ ಮಗಾ’ ಅಂದ್ನಿ. ಅಷ್ಟ."

"ಹಂಗ ಹೇಳಿದ್ರ ಗನ್ ಮ್ಯಾಲ ಉಳದಾವ್ರು ನೀವಾಗ್ತೀರಿ. ನಿಮಗೂ ಅನುಕೂಲ ಆತು."

ಈ ಮಾತು ಆಡಬಾರದಿತ್ತು. ಅವರು ಅದನ್ನೂ ಒಪ್ಪಿಕೊಂಡರು. "ಅದೂ ಇರಬೇಕು. ಹ್ಞೂಂ. ಅದೂ ಇರಬೇಕು."

ಹಾಗಾದರೆ ಈಗ ನಿಜ ಹೇಳಿರಿ ಎಂದೆ. ಒಬ್ಬಳ ಸಮಾಧಾನಕ್ಕೆ ಇನ್ನೊಬ್ಬಳ ಹರೆಯ ಯಾಕೆ ಉರಿಯಬೇಕು ಎಂದು, ಸ್ಪರ್ಧೆಯಲ್ಲಾಗಿದ್ದರೆ ಚಪ್ಪಾಳೆ ಬೀಳುವ ಹಾಗೆ ಮಾತಾಡಿದೆ. ಕೇಳಿ ಮುಗಿಸಿ ಅವರು ಒಂದೇ ಪ್ರಶ್ನೆ ಹಾಕಿದರು. "ನಾ ಅಂವ ಸತ್ತದ್ದು ನೋಡಿಲ್ಲ. ದೇವರ ಮಾತು ಬಂದ್ರ ಕಂಡದ್ದನ್ನಷ್ಟ ನಂಬ್ತೇನಿ ಅಂತಿಯಲ್ಲಾ ನೀ? ಕಾಣದ್ದನ್ನ ಸತ್ತಾನ ಅಂತ ಆಯಿಗೆ ಹೆಂಗ ಹೇಳ್ಲಿ? ನೀನ ಹೇಳು ವಕೀಲಾ."

ಸಾವನ್ನು ಕಾಣದೆ ಇರುವುದು ಬೇರೆ, ಇಳಿದವನು ಇವನೆಂದು ಹೇಳುವುದು ಬೇರೆ, ಎರಡನೆಯದು ಸುಳ್ಳು, ಆ ಸುಳ್ಳಿನಿಂದಲೇ ಆಯಿಯ ಆಸೆ ನಿಂತಿರುವುದು. ಇದು ನನಗೆ ಹೊಳೆದದ್ದು ಬಸ್ಸು ದಾಂಡೇಲಿ ಮುಟ್ಟುವಾಗ. ಅಷ್ಟೊತ್ತಿಗೆ ಅವರು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಎಬ್ಬಿಸಿ ಗೆಲ್ಲುವ ಮನಸ್ಸಾಗಲಿಲ್ಲ.

ಮುಂಡಗೋಡದ ಹತ್ತಿರ ಟಿಬೇಟಿನವರು ಬಂದು ನೆಲೆಸಿದ ಸುದ್ದಿ ಆಯಿಗೂ ಮುಟ್ಟಿತು. ಹಿಮದ ಕಡೆಯಿಂದ ಬಂದವರು, ತನ್ನ ಮಗನನ್ನು ಅಲ್ಲೆಲ್ಲೋ ಕಂಡಿರಬಹುದು, ಹೋಗಿ ಕೇಳಿಬಾ ಅಂದಳು ಕಾಕಾಗೆ. ಅವರು ಹೋದರು! ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಜೇಬಿನಲ್ಲಿ ಆ ಹುಡುಗನ ಫೋಟೋ ಇಟ್ಟುಕೊಂಡು. ತಿರುಗಿ ಬಂದ ಮೇಲೆ ನನಗೆ ರೇಗಿತು.

"ನೀವಽ ಗನ್ ನಿಂತದ್ದು ಕೇಳೀರಿ. ಮತ್ತ ಯಾರನ್ನ ಹುಡಕಾಕ ಹೋಗಿದ್ರಿ?"

"ಆಯಿ ಹೇಳಿದ್ರು" ಅಂದರು. ಆಮೇಲೆ, "ಅಲ್ಲೊಬ್ಬ ಮುದುಕಾ ಫೋಟೋ ಇಸಕೊಂಡ. ಭಾಳ ಹೊತ್ತು ನೋಡಿದ. ತನ್ನ ಜೇಬಿನ್ಯಾಗಿಂದ ಒಂದ ಫೋಟೋ ತಗದು ನನ್ನ ಕೈಗೆ ಕೊಟ್ಟ. ಅವನೂ ಮಗನ್ನ ಹುಡಕಾಕತ್ತಾನ. ನಾ ಸಿಪಾಯಿ ಅಂತ ಗೊತ್ತಾಗಿ, ನಾನೇನರ ನೋಡೀನೇನು ಅಂತ. ಇಬ್ರೂ ಫೋಟೋ ನೋಡ್ಕೋತ ಕುಂತ್ವಿ. ಚಹಾಕ್ಕ ಉಪ್ಪ ಹಾಕಿದ್ದಾ."

ನನ್ನ ಕಾಟ ತಾಳದೆ ಕೊನೆಗೊಮ್ಮೆ, ತೇರಗಾಂವದಲ್ಲಿ ನಿಜ ಹೇಳುತ್ತೇನೆ ಎಂದು ಅವರು ನನಗೆ ಮಾತು ಕೊಟ್ಟರು. ಪ್ರತಿ ರಜೆಗೂ ಬಂದು ಕೇಳುತ್ತಿದ್ದೆ. "ಮುಂದಿನ ತಿಂಗಳ ಹೇಳ್ತೇನಿ", "ಆಯಿಗೆ ಜ್ವರಾ ಇತ್ತು", "ಬಾಯಿತನಕ ಬಂದಿತ್ತು, ಅಷ್ಟರಾಗ ರೊಟ್ಟಿ ತಂದ್ರು". ಕೊನೆಯ ಸಲ ಕೇಳಿದಾಗ ನೆಪ ಸಹ ಹೇಳಲಿಲ್ಲ. "ಸಾಕಾಗೇತಿ ತಮ್ಮಾ. ತಿಂಗಳಾ ಹೋಗಿ ಅದನ್ನ ಹೇಳಿ ಬರೂದೂ ಸಾಕಾಗೇತಿ, ಹೇಳದ ಬರೂದೂ ಸಾಕಾಗೇತಿ" ಅಂದು ಎಡಭುಜದ ಪಟ್ಟಿ ಸರಿಮಾಡಿಕೊಂಡರು. ಆ ಪುಷ್ಯದ ಥಂಡಿಗೆ ಎದೆಯಲ್ಲಿ ಕಫ ಕಟ್ಟಿ ನಾಲ್ಕೇ ದಿನಕ್ಕೆ ಹೋದರು. ಕೋಟು ಮೈಮೇಲೇ ಇತ್ತಂತೆ.

ಶೋಕಸಭೆಯನ್ನು ಡಿಪೋದ ಆಲದ ಕೆಳಗೆ ಮಾಡಿದರು. ಆಯಿಯನ್ನು ಮುಂದೆ ಕುರ್ಚಿಯ ಮೇಲೆ ಕೂಡಿಸಿದ್ದರು, ಹಿಂದೆ ಸೊಸೆ ನಿಂತಿದ್ದಳು. ಡಿಪೋದ ಕಾರಕೂನ ಮಾತಾಡಿದ, ಬ್ಯಾರಲ್ ಕರಗಿಸಿದ. ಲಾರಿಯವರ ಪರವಾಗಿ ಒಬ್ಬ ಮಾತಾಡಿದ. ಬಸ್ತ್ಯಾಂವ್ ಮಾತಾಡುತ್ತ ಅತ್ತುಬಿಟ್ಟ, ಆದರೂ ಬ್ಯಾರಲ್ ಬಿಡಲಿಲ್ಲ. ನಾಲ್ಕನೆಯವನು ನಾನು. ಕಾಲೇಜು ಕಲಿತವನು, ನೀನು ನೆಟ್ಟಗೆ ಹೇಳು ಅಂತ ಎಬ್ಬಿಸಿದರು.

ಎದ್ದು ನಿಂತಾಗ ನನ್ನ ಬಾಯಲ್ಲಿ ನಿಜ ಸಿದ್ಧವಾಗಿತ್ತು. ಈ ಕಡೆ ಅದನ್ನು ಬಲ್ಲವನು ಈಗ ನಾನೊಬ್ಬನೇ ಎಂಬುದೂ ಗೊತ್ತಿತ್ತು. ಆಯಿ ಕತ್ತೆತ್ತಿ, ಮಂಜು ಕಣ್ಣಿನಲ್ಲಿ ನನ್ನನ್ನು ಹುಡುಕುತ್ತ, "ಹೇಳಪಾ, ಆವತ್ತಿನ ಮಾತು ಹೇಳು" ಅಂದಳು. ನಾನು ಹೇಳಿದೆ. "ಕಾಕಾ ಗನ್ನಿನ ಮೇಲಿದ್ದರು. ಆಯಿಯ ಮಗ ಅವರ ನಂಬರ್ ಎರಡು. ಬದಲಿ ಬ್ಯಾರಲ್ ಬೆನ್ನಿಗಿತ್ತು, ಹಾಗೇ ಇಳಿದುಹೋದ." ಕರಗಿತು ಅನ್ನಲಿಲ್ಲ, ಅಷ್ಟೇ ನನ್ನ ಪ್ರಾಮಾಣಿಕತೆ. ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಹಳಿಯಾಳದ ಬಸ್ಸಿಗೆ ಅವರನ್ನು ಹತ್ತಿಸಲು ಹೋದೆ. ಆಯಿ ಹತ್ತಿ ಕೂತಿದ್ದಳು. ಸೊಸೆಯ ಅಣ್ಣ ಬಾಗಿಲಲ್ಲಿ ನಿಂತು, ಆ ಹಳಿಯಾಳದವನು ಯುಗಾದಿತನಕ ಕಾಯುತ್ತಾನೆ, ಅದರಾಚೆಗೆ ಕಾಯುವುದಿಲ್ಲ, ಅಂತ ನನಗೋ ಗಾಳಿಗೋ ಹೇಳುತ್ತಿದ್ದ. ಸೊಸೆ ಗಂಟು ಅವನ ಕೈಗೆ ಕೊಟ್ಟು ಎರಡು ಹೆಜ್ಜೆ ತಿರುಗಿ ಬಂದಳು. ನಾನು ಅವಳ ದನಿ ಕೇಳಿದ್ದು ಅದೇ ಮೊದಲು.

"ಅಣ್ಣಾರ, ಬ್ಯಾರಲ್ ಬದಲಿ ಮಾಡೂದು ನಂಬರ್ ಎರಡರ ಕೆಲಸಾ ಅಂತ ಕಾಕಾ ತಿಂಗಳಾ ಹೇಳತಿದ್ರು. ನಮ್ಮ ಮನಿಯವರು ನಂಬರ್ ಎರಡು ಅಂತ ಇವತ್ತ ನೀವೂ ಹೇಳಿದ್ರಿ. ಐದ ವರ್ಷ ಆ ಕೈಮ್ಯಾಲ ನೀರ ಹಾಕೀನಿ ನಾ. ಹಂಗಾದ್ರ ಕಾಕಾರ ಅಂಗೈ ಯಾಕ ಸುಟ್ಟಿತ್ರಿ?"